ಅಮರಪ್ಪನ ಕಾಲಿನ ಸ್ವಿಚ್ಚು

ರುದ್ರವ್ವನ ಸೋದರಮಾವ ಮಗನಿಗೆ ಹೆಣ್ಣು ನೋಡಲು ಹೋಗಿ ತಾನೇ ಮದುವೆಯಾಗಿ ಬಂದ ಕತೆ ಅಂದು ಬೆಳಿಗ್ಗೆ ಅಷ್ಟು ರಂಗೇರದೆ ಇದ್ದಿದ್ದರೆ, ತೊಟ್ಟಿಲಿನ ನಾಲ್ಕನೆಯ ಕಾಲು ಅಮರಪ್ಪನ ಮರ ಕಡೆಯುವ ಲೇಥಿನಿಂದ ಹಾರುತ್ತಿರಲಿಲ್ಲ.

ರುದ್ರವ್ವ ಬಾಗಿಲ ಬಳಿ ಎತ್ತರದ ಸ್ಟೂಲಿನ ಮೇಲೆ ಕುಳಿತಿದ್ದಳು. ಅವಳ ಬಲಗೈ ತಲೆಯ ಮೇಲಕ್ಕೆ ಚಾಚಿಕೊಂಡು ಗೋಡೆಯ ಸ್ವಿಚ್ಚನ್ನು ಹಿಡಿದಿತ್ತು, ಸಾಲೆಯಲ್ಲಿ ಮಾಸ್ತರರು ಶಿಕ್ಷೆ ಕೊಟ್ಟು ಮರೆತುಬಿಟ್ಟ ಹುಡುಗಿಯ ಕೈಯಂತೆ. ಕತೆಯನ್ನೆಲ್ಲ ಅವಳು ಎಡಗೈಯೊಂದರಿಂದಲೇ ಹೇಳಬೇಕಾಗಿತ್ತು. ಕಟ್ಟೆಯ ಆಚೆ ನೆರೆಮನೆಯ ಲಕ್ಕವ್ವ ಗದ್ದಕ್ಕೆ ಕೈ ಕೊಟ್ಟು ಕೇಳುತ್ತಿದ್ದಳು. ಒಳಗೆ ಅಮರಪ್ಪ ಎರಡೂ ಕೈಗಳಿಂದ ಉಳಿ ಹಿಡಿದು, ಗಿರಗಿರನೆ ತಿರುಗುವ ಸಾಗವಾನಿಯ ತುಂಡಿಗೆ ಸೊಂಟ ಮೂಡಿಸುತ್ತಿದ್ದ. ತುಂಡು ಹಿಡಿತ ತಪ್ಪಿ ಕಟಕಟ ಎನ್ನತೊಡಗಿತು.

"ಬಂದ್!" ಎಂದು ಅಮರಪ್ಪ ಕೂಗಿದ.

"ಆಗ ನಮ್ಮ ಮಾಮಾ ಏನಂದ ಗೊತ್ತೈತೇನು ಲಕ್ಕವ್ವ? 'ಹುಡುಗ ನಾಚ್ಕೊಳ್ಳಾಕತ್ತಾನ, ಅವನ ಬದಲಿ ನಾನ ನಾಕ ಮಾತು ಕೇಳ್ತೇನಿ' ಅಂದ."

"ಬಂದ್! ಬಂದ್ ಮಾಡ ಅಂದ್ರ!"

"ಹುಡುಗೀನೂ ಏನ ಕಮ್ಮಿ ಇರಲಿಲ್ಲ ಬಿಡು. ತಲಿ ಮ್ಯಾಲೆತ್ತಿ..."

ಕಾಲು ಅಮರಪ್ಪನ ಕಿವಿಯ ಪಕ್ಕದಿಂದ ಹಾದು, ಬಾಗಿಲು ದಾಟಿ, ಇಬ್ಬರು ಹೆಂಗಸರ ನಡುವಿನಿಂದ ಹಾರಿ, ಬೇವಿನ ಮರದ ಕೆಳಗೆ ಮಲಗಿದ್ದ ಗೊಲ್ಲಾಳಪ್ಪನ ತಲೆಯ ಹತ್ತಿರ ಬಿತ್ತು. ಗೊಲ್ಲಾಳಪ್ಪ ಒಂದು ಕಣ್ಣು ತೆರೆದ.

"ಕಾಲ ಬಂತು," ಎಂದ. ಎತ್ತಿ ನೋಡಿದ. "ಸೀಳೈತಿ," ಎಂದು ಕಣ್ಣು ಮುಚ್ಚಿದ.

ಗೊಲ್ಲಾಳಪ್ಪ ಬಬಲೇಶ್ವರದ ಶಿವಯೋಗೆಪ್ಪ ಸಾವಕಾರರ ಗಾಡಿ ಹೊಡೆಯುವವ. ತೊಟ್ಟಿಲು ಒಯ್ಯಲು ಬೆಳಿಗ್ಗೆಯೇ ಸೊಲ್ಲಾಪುರ ರಸ್ತೆಯ ಈ ಮನೆಗೆ ಬಂದು ಎತ್ತು ಬಿಚ್ಚಿದ್ದ. ಸಾವಕಾರರ ಮನೆಯಲ್ಲಿ ಮೊಮ್ಮಗಳು ಹುಟ್ಟಿದ್ದಳು, ನಾಳೆ ಹೆಸರಿಡುವ ಕಾರ್ಯ. ಸೊಲ್ಲಾಪುರದಿಂದ ಕಬ್ಬಿಣದ ತೊಟ್ಟಿಲು ತರಿಸುತ್ತೇವೆಂದು ಬೀಗರು ಹೇಳಿದಾಗ ಸಾವಕಾರರು, "ನಮ್ಮ ಅಮರಪ್ಪನ ಕೈಯಾಗಿನ ತೊಟ್ಟಿಲ ನೋಡೀರೇನು?" ಎಂದು ನಾಲ್ಕು ಮಂದಿಯ ಎದುರು ಕೇಳಿದ್ದರು. ಈಗ ಹೊತ್ತು ಮುಳುಗುವುದರೊಳಗೆ ಗಾಡಿ ಹೊರಡದಿದ್ದರೆ ಕೂಸು ಮಲಗುವುದು ಬೀಗರ ಕಬ್ಬಿಣದಲ್ಲಿ. ಆಮೇಲೆ ಅಮರಪ್ಪ ಲಟ್ಟಣಿಗೆ ಕಡೆದುಕೊಂಡು ಇರಬೇಕಾದೀತು.

"ಕಿವಿ ಎಲ್ಲಿ ಇಟ್ಟಿದ್ದಿ?" ಎಂದು ಅವನು ಹೆಂಡತಿಯನ್ನು ಕೇಳಿದ.

"ಕಿವಿ ಇದ್ದಲ್ಲೇ ಅದಾವ್ರಿ. ನಿಮ್ಮ ಕಟಗಿ ಇದ್ದಲ್ಲಿ ಇಲ್ಲ, ಅದನ್ನ ನೋಡ್ರಿ."

"ಬೆಳಗಾದ್ರ ಮಾತು, ಬೈಗಾದ್ರ ಮಾತು! ಕೈ ಮಾಡೋ ಕೆಲಸ ಒಂದು, ಅದೂ ಆಗಂಗಿಲ್ಲ."

ರುದ್ರವ್ವ ಸ್ಟೂಲಿನಿಂದ ಇಳಿದಳು. ಅವಳು ಕೂಗಿ ಜಗಳಾಡುವವಳಲ್ಲ. ಅದೇ ಅಮರಪ್ಪನಿಗೆ ಹೆದರಿಕೆ.

"ಹಿಂದಕ ಬಾರು ಎಳದೂ ಎಳದೂ ರಟ್ಟಿ ಹ್ವಾದ್ವು. ಈಗ ಕೈ ಎತ್ಕೊಂಡು ಕುಂತೂ ಕುಂತೂ ಭುಜ ಹ್ವಾತು. ಒಂದಿನಾರೆ ಕೇಳೀರೇನು? ಇನ್ನ ಮ್ಯಾಲ ನಿಮ್ಮ ಸ್ವಿಚ್ಚು ನೀವ ಒತ್ಕೋರಿ. ನಾ ಟಿಕೋಟಿಗೆ ನಮ್ಮವ್ವನ ಮನಿಗೆ ಹೊಂಟೇನಿ."

ಗಂಟು ಕಟ್ಟಿಕೊಂಡು ಹೊರಟೇಬಿಟ್ಟಳು.

ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಮದುವೆಯಾಗಿ ಬಂದಂದಿನಿಂದ ಅವಳೇ ಈ ಲೇಥಿನ ಎತ್ತು. ತಿರುಗಣೆಗೆ ತೊಗಲಿನ ಬಾರು ಸುತ್ತಿ, ಮಜ್ಜಿಗೆ ಕಡೆದಂತೆ ಆಚೆಗೂ ಈಚೆಗೂ ಅವಳು ಎಳೆದರೆ ಅಮರಪ್ಪ ಉಳಿ ಹಿಡಿಯುತ್ತಿದ್ದ. ಯುದ್ಧ ಮುಗಿದ ಮೇಲೆ ಪುಣೆಯಲ್ಲಿ ಮಿಲಿಟರಿಯ ಹಳೆಯ ಸಾಮಾನು ಹರಾಜಾದಾಗ ಅವನು ಲೇಥಿಗೆಂದು ಒಂದು ಮೋಟರು ಹಿಡಿದು ತಂದ. ಕರೆಂಟಿನವನು ಬಂದು, ಸ್ವಿಚ್ಚು ಮೇಲಿದ್ದಷ್ಟೂ ಒಳ್ಳೆಯದೆಂದು ಬಾಗಿಲ ಪಕ್ಕದ ಗೋಡೆಯಲ್ಲಿ ಎತ್ತರಕ್ಕೆ ಜಡಿದು ಹೋದ. ಲೇಥು ಒಳಗೆ, ಸ್ವಿಚ್ಚು ಹೊರಬಾಗಿಲಿಗೆ. ಬಾರು ಬಿಟ್ಟ ರುದ್ರವ್ವ ಸ್ವಿಚ್ಚು ಹಿಡಿದಳು. "ಚಾಲೂ" ಎಂದರೆ ಒತ್ತುವುದು, "ಬಂದ್" ಎಂದರೆ ಎತ್ತುವುದು. ಲೇಥಿಗೆ ಜೀವ ಬರುವುದು ತನ್ನ ಕೈಯಿಂದ ಎಂದು ಅವಳು ತಿಳಿದುಕೊಂಡಿದ್ದರೆ ಅದರಲ್ಲಿ ತಪ್ಪೇನು?

ಅಮರಪ್ಪ ಹೊಸ ತುಂಡು ಏರಿಸಿದ. ಸ್ವಿಚ್ಚು ಒತ್ತಿ ಲೇಥಿಗೆ ಓಡಿದ. ಉಳಿ ತಗಲಿಸಿ, ತುಂಡು ನಡುಗಿದ್ದನ್ನು ಕಂಡು ಮತ್ತೆ ಸ್ವಿಚ್ಚಿಗೆ ಓಡಿದ. ಒಂದು ಉದ್ದನೆಯ ಬಿದಿರುಗೋಲು ತಂದು ನಿಂತಲ್ಲಿಂದಲೇ ಸ್ವಿಚ್ಚನ್ನು ತಿವಿದ. ಗೋಲು ಹಿಡಿದರೆ ಉಳಿ ಹಿಡಿಯಲು ಕೈಯಿಲ್ಲ, ಉಳಿ ಹಿಡಿದರೆ ಗೋಲಿಗೆ ಕೈಯಿಲ್ಲ.

ಲಕ್ಕವ್ವನಿಗೆ ಕನಿಕರ ಬಂತು. "ನಾ ಕುಂಡ್ರಲೇನೋ ಅಣ್ಣಾ? ಅದರಾಗೇನೈತಿ, ಒತ್ತೂದು ಎತ್ತೂದು."

ಸ್ಟೂಲು ಹತ್ತಿ ಕುಳಿತ ಲಕ್ಕವ್ವ ಸ್ವಿಚ್ಚಿಗೆ ಕೈ ತಾಗಿದೊಡನೆ ಕಣ್ಣು ಗಟ್ಟಿಯಾಗಿ ಮುಚ್ಚಿ ದೇವರ ನಾಮ ಶುರುಮಾಡಿದಳು. ಚಾಲೂ ಎಂದರೂ ಶಿವ ಶಿವ, ಬಂದ್ ಎಂದರೂ ಶಿವ ಶಿವ. ಅಮರಪ್ಪ ಕೈಮುಗಿದು ಅವಳನ್ನು ಇಳಿಸಿದ.

ಅಷ್ಟರಲ್ಲಿ ಟಾಂಗಾ ಹೊಡೆಯುವ ಗೈಬುಸಾಬ ಬಂದು ಬಾಗಿಲಲ್ಲಿ ಕುದುರೆ ನಿಲ್ಲಿಸಿದ. ಅವನು ಅದೇ ಓಣಿಯವ. ಯಾರ ಮನೆಯ ಸುದ್ದಿಯೂ ಅವನ ಟಾಂಗಾ ಹತ್ತದೆ ಊರು ಸುತ್ತುತ್ತಿರಲಿಲ್ಲ.

"ಅಮರಣ್ಣ, ರುದ್ರವ್ವ ವೈನಿ ಮೋಟಾರ್ ಸ್ಟ್ಯಾಂಡಿನ್ಯಾಗ ಗಂಟ ಹಿಡ್ಕೊಂಡು ಕುಂತಾಳಲ್ಲೋ!"

"ಟಿಕೋಟಿ ಮೋಟಾರ್ ಹೋಗಿಲ್ಲೇನು?"

"ಎಲ್ಲೀದು? ಇದ್ದಲಿ ಇನ್ನಾ ಹೊತ್ತಿಲ್ಲ. ಡ್ರೈವರ್ ಊದಾಕತ್ತಾನ, ಕ್ಲೀನರ್ ಊದಾಕತ್ತಾನ, ಈಗ ಮಂದೀನೂ ಇಳದು ಊದಾಕತ್ತಾರ. ಹೊಗಿ ಏನ ಬರ್ತೈತಿ ಅಂತಿ, ಗೋಳಗುಮ್ಮಟ ಕಾಣವಲ್ದು."

ಪೆಟ್ರೋಲಿನ ಅಭಾವದಲ್ಲಿ ಆ ಮೋಟಾರು ಬಸ್ಸು ಇದ್ದಿಲಿನ ಗ್ಯಾಸಿನಿಂದ ಓಡುತ್ತಿತ್ತು. ಅಂದರೆ ಓಡಿದ ದಿನ ಓಡುತ್ತಿತ್ತು. ಅಮರಪ್ಪನಿಗೆ ಸ್ವಲ್ಪ ಸಮಾಧಾನವಾಯಿತು.

"ಸರೀಪಾ ಸರಿ, ಒಂದೀಟ ದಾರಿ ಬಿಡು," ಎಂದು ಗೈಬುಸಾಬ ಅಡ್ಡ ನಿಂತ ಲಕ್ಕವ್ವನ ಆಡನ್ನು ಗದರಿಸುತ್ತ, ಎರಡೂ ಕೈಯಲ್ಲಿ ಲಗಾಮು ಹಿಡಿದೇ ಕಾಲಿನಿಂದ ಪಾದದಡಿಯ ಹಲಗೆಯನ್ನು ಒತ್ತಿದ. ಠಣ್ ಠಣ್ ಎಂದು ಗಂಟೆ ಬಡಿಯಿತು.

ಅಮರಪ್ಪ ಆ ಕಾಲನ್ನೇ ನೋಡಿದ. "ಮತ್ತೊಮ್ಮಿ ಒತ್ತು," ಎಂದ.

ಠಣ್.

"ಎತ್ತು. ಒತ್ತು."

ಠಣ್.

"ಕೈ ಎರಡೂ ಲಗಾಮಿನ್ಯಾಗ ಅದಾವ," ಎಂದ ಅಮರಪ್ಪ, ದೇವರ ದರ್ಶನವಾದವನ ದನಿಯಲ್ಲಿ. "ಗೈಬು, ಇಳಿ. ಅದನ್ನ ಬಿಚ್ಚಿ ಕೊಡು."

"ಹುಚ್ಚ ಹಿಡೀತೇನು? ಗಂಟಿ ಇಲ್ಲದ ಟಾಂಗಾಕ್ಕ ಮಂದಿ ಹ್ಯಾಂಗ ಸರೀತಾರ?"

"ಬಾಯಿಲೆ ಒದರು. ಸಾಯಂಕಾಲ ತನಕ ಅಷ್ಟ."

ಆಮೇಲೆ ಅವನು ಮಾಡಿದ ಕೆಲಸವನ್ನು ನೋಡಬೇಕಿತ್ತು. ಯಾರೂ ಕಲಿಸಿದ್ದಲ್ಲ, ಎಲ್ಲಿಯೂ ಕಂಡದ್ದಲ್ಲ. ಟಾಂಗಾದ ಒತ್ತುಹಲಗೆಯನ್ನು ಅದರ ಸ್ಪ್ರಿಂಗಿನೊಂದಿಗೆ ತೆಗೆದು ಒಂದು ಸಾಗವಾನಿಯ ಮಣೆಗೆ ಕೂಡಿಸಿದ. ಒಡೆದ ಹಿತ್ತಾಳೆ ತಂಬಿಗೆಯ ಕಂಠದಿಂದ ಎರಡು ಪಟ್ಟಿ ಕತ್ತರಿಸಿ, ಒಂದನ್ನು ಹಲಗೆಗೂ ಇನ್ನೊಂದನ್ನು ಮಣೆಗೂ ಬಿಗಿದ. ಎರಡಕ್ಕೂ ವಾಯರು ಸುತ್ತಿ, ಬೆರಳಿಗೆ ಸೋಂಕುವ ಜಾಗಕ್ಕೆಲ್ಲ ಸೈಕಲ್ಲಿನ ಹಳೆಯ ಟ್ಯೂಬು ಹಚ್ಚಿದ. ಕರೆಂಟಿನವನು ಬಿಟ್ಟುಹೋಗಿದ್ದ ವಾಯರಿನ ಸುರುಳಿ ಉದ್ದವಾಗಿತ್ತು. ಸುಲಭಕ್ಕೆ ಸಿಗದ ವಸ್ತುವನ್ನು ಕತ್ತರಿಸಲು ಮನಸ್ಸಾಗದೆ ಮಿಕ್ಕಿದ್ದನ್ನು ಹಾಗೆಯೇ ಮೂಲೆಯಲ್ಲಿ ಸುತ್ತಿಟ್ಟ. ಗೋಡೆಯ ಸ್ವಿಚ್ಚು ಒತ್ತಿಯೇ ಇರುತ್ತದೆ. ಕಾಲು ಒತ್ತಿದರೆ ಹಿತ್ತಾಳೆಗೆ ಹಿತ್ತಾಳೆ ತಾಗಿ ಲೇಥು ತಿರುಗುತ್ತದೆ, ಎತ್ತಿದರೆ ನಿಲ್ಲುತ್ತದೆ. ಅಷ್ಟಾದರೂ ಅವನಿಗೆ ತೃಪ್ತಿಯಿಲ್ಲ. ಹಲಗೆಯ ಮೇಲೆ ತನ್ನ ಪಾದ ಇಟ್ಟು ಗೆರೆ ಎಳೆದು, ಹಿಮ್ಮಡಿ ಕೂಡುವ ಹಾಗೆ ಹದವಾದ ಕುಳಿ ಕೆತ್ತಿದ. ಅವಸರದ ಹೊತ್ತಿನಲ್ಲಿ ಇಂಥದೊಂದು ಕುಳಿ ಕೆತ್ತುವವನ ಕೈಗೆ ಏನು ಹೇಳೋಣ!

"ಎತ್ತು ಹೂಡ್ಲ್ಯಾ?" ಎಂದ ಗೊಲ್ಲಾಳಪ್ಪ, ಮರದಡಿಯಿಂದ.

"ಈಗ ನೋಡು," ಎಂದು ಅಮರಪ್ಪ ಗೋಡೆಯ ಸ್ವಿಚ್ಚನ್ನು ಹಾಕಿದ.

ಕಾಲಿಡುವ ಮೊದಲೇ ಲೇಥು ಭರ್ರೆಂದು ತಿರುಗಿತು. ಅಮರಪ್ಪ ಗಾಬರಿಯಾಗಿ ಓಡಿ ಹಲಗೆ ತುಳಿದ. ನಿಂತಿತು. ಕಾಲು ತೆಗೆದ. ತಿರುಗಿತು. ಮತ್ತೆ ತುಳಿದು, ಅಲ್ಲೇ ನಿಂತುಕೊಂಡ.

"ಇದೇನಪಾ," ಎಂದ ಗೈಬುಸಾಬ. "ನೀ ಕೆಲಸ ಮಾಡಾಕ ಹ್ವಾದ್ರ ದೂರ ನಿಲ್ಲಬೇಕು. ಆರಾಮ ಕುಂಡ್ರಬೇಕಾದ್ರ ಇದರ ಮ್ಯಾಲ ನಿಂತಿರಬೇಕು."

"ಊಟಕ್ಕ ಹ್ಯಾಂಗ ಹೋಗ್ತಾನ?" ಎಂದು ಲಕ್ಕವ್ವ ಚಿಂತಿಸಿದಳು. "ತಾಟ ಇಲ್ಲೇ ತರ್ಲ್ಯಾ?"

"ಯಾರರೆ ಆ ಗ್ವಾಡಿ ಸ್ವಿಚ್ಚ ತಗೀರೋ!" ಎಂದು ಅಮರಪ್ಪ ಒಂಟಿ ಕಾಲಿನಲ್ಲಿ ನಿಂತು ಕೂಗಿದ. ತೆಗೆಯುವುದಿರಲಿ, ಮೂವರೂ ಮೊದಲು ಮನಸಾರೆ ನಕ್ಕರು.

ಗಂಟೆಯ ಹಲಗೆಯನ್ನು ಇದ್ದ ಹಾಗೆಯೇ ಕೂಡಿಸಿದ್ದರಿಂದ ಹಿತ್ತಾಳೆಯ ಪಟ್ಟಿ ಮೇಲ್ಗಡೆ ಬಿದ್ದು, ಎತ್ತಿದಾಗ ತಾಗುತ್ತಿತ್ತು. ಅಮರಪ್ಪ ಪಟ್ಟಿಯನ್ನು ಕೆಳಗಡೆಗೆ ಹೊರಳಿಸಿದ. ಈ ಸಲ ಒತ್ತಿದರೆ ತಿರುಗಿತು, ಎತ್ತಿದರೆ ನಿಂತಿತು. ಸಾಕಿದ ನಾಯಿಯ ಹಾಗೆ ಕೇಳಿತು. ಗೈಬುಸಾಬ ಒತ್ತಿ ನೋಡಿದ. ಲಕ್ಕವ್ವ ಕಣ್ಣು ತೆರೆದುಕೊಂಡೇ ಒತ್ತಿ ನೋಡಿದಳು. ಗೊಲ್ಲಾಳಪ್ಪನೂ ಎದ್ದು ಬಂದು ಒತ್ತಿದ.

"ಛಲೋ ಐತಿ," ಎಂದ. "ಎತ್ತಿಗೂ ಹಿಂಗೊಂದಿರಬೇಕಿತ್ತು."

ಹೊತ್ತು ಇಳಿಯುತ್ತಿತ್ತು. ಗೈಬುಸಾಬ ಕುದುರೆಗೆ ನೀರು ತೋರಿಸಲು ಹೊರಗೆ ಹೋದ, ಗೊಲ್ಲಾಳಪ್ಪ ಮತ್ತೆ ಮರದಡಿಗೆ. ಅಮರಪ್ಪ ಹೊಸ ತುಂಡನ್ನು ಲೇಥಿಗೆ ಏರಿಸಿ, ಬಾಗಿ ಹಿಡಿತ ಬಿಗಿ ಮಾಡತೊಡಗಿದ. ಅವನ ಧೋತರದ ಚುಂಗು ತುಂಡಿನ ಮೇಲೆ ಬಿದ್ದಿದ್ದನ್ನು ಅವನು ನೋಡಲಿಲ್ಲ. ಲಕ್ಕವ್ವನ ಆಡು ಒಳಗೆ ಬಂದಿದ್ದನ್ನೂ ನೋಡಲಿಲ್ಲ. ಆಡಿಗೆ ಎತ್ತರವಾದದ್ದು ಕಂಡರೆ ಹತ್ತಬೇಕು. ಅದು ಹಲಗೆಯ ಮೇಲೆ ಮುಂಗಾಲು ಎರಡನ್ನೂ ಇಟ್ಟಿತು.

ಧೋತರ ಕುಣಿಕೆ ಬಿಚ್ಚಿದ ಗಾಳಿಪಟದ ದಾರದಂತೆ ಓಡಿತು. ಅಮರಪ್ಪ ಗಿರಕಿ ಹೊಡೆದು ಲೇಥಿನ ಕಂಬವನ್ನು ಅಪ್ಪಿಕೊಂಡ.

"ಆಡ! ಆಡ ತಗೀರೋ!"

ಲಕ್ಕವ್ವ ಓಡಿಬಂದು ಆಡಿನ ಕೋಡು ಹಿಡಿದು ಮುಂದಕ್ಕೆ ಎಳೆದಳು. ಆಡು ಇನ್ನಷ್ಟು ಮುಂದೆ ಬಂದು ನಾಲ್ಕೂ ಕಾಲನ್ನು ಹಲಗೆಯ ಮೇಲೆ ಊರಿತು.

"ಹಿಂದಕ ಜಗ್ಗು! ಹಿಂದಕ!"

"ಹಿಂದಕ ಹೋಗಾಕ ಅದು ನನ್ನ ಮಾತ ಎಂದ ಕೇಳೈತಿ?"

ಗೈಬುಸಾಬ ಬಂದು ಗೋಡೆಯ ಸ್ವಿಚ್ಚು ಆರಿಸುವ ಹೊತ್ತಿಗೆ ಧೋತರವೆಲ್ಲ ತುಂಡಿನ ಮೇಲೆ ಅಚ್ಚುಕಟ್ಟಾಗಿ ಸುತ್ತಿಕೊಂಡಿತ್ತು. ಅಮರಪ್ಪ ಚಡ್ಡಿಯ ಮೇಲೆ ನಿಂತಿದ್ದ. ಲಕ್ಕವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅವಳ ಭುಜ ಕುಣಿಯುತ್ತಿದ್ದುದರಿಂದ ನಾಚಿಕೆಯೋ ನಗೆಯೋ ತಿಳಿಯುತ್ತಿರಲಿಲ್ಲ. ಬಿಚ್ಚಿ ತೆಗೆದ ಧೋತರದಲ್ಲಿ ಉಡುವಷ್ಟು ಭಾಗ ಉಳಿದಿರಲಿಲ್ಲ.

"ಬ್ಯಾರೆ ಉಟ್ಕೋ, ಹೋಗು," ಎಂದ ಗೈಬುಸಾಬ.

"ಪೆಟಗಿ ಕೀಲಿ ಅಕಿ ಸೊಂಟದಾಗ ಐತಿ."

ಅಮರಪ್ಪ ಹರಿದ ಧೋತರವನ್ನು ಸೊಂಟಕ್ಕೆ ಅಡ್ಡ ಹಿಡಿದುಕೊಂಡ.

"ಗೈಬು, ಹ್ಯಾಂಗರೆ ಮಾಡಿ ಅಕಿನ್ನ ಕರಕೊಂಡ ಬಾರೋ."

"ಏನಂತ ಹೇಳ್ಲಿ?"

"ಏನರೆ ಹೇಳು. ಬಂದ್ರ ಸಾಕು."

ಗೈಬುಸಾಬ, "ಸರೀರಿ, ಸರೀರಿ!" ಎಂದು ಬಾಯಿಂದ ಒದರುತ್ತ ಟಾಂಗಾ ಹೊಡೆದುಕೊಂಡು ಹೋದ.

ಅಮರಪ್ಪ ಸೊಂಟಕ್ಕೆ ಗೋಣಿತಟ್ಟು ಸುತ್ತಿಕೊಂಡ. ಬಾಗಿಲಿಗೆ ಅಡ್ಡವಾಗಿ ಬೇರೊಂದು ಹಲಗೆಯಿಟ್ಟು ಆಡನ್ನು ಹೊರಗಿಟ್ಟ. ಗೋಡೆಯ ಸ್ವಿಚ್ಚನ್ನು ಮತ್ತೆ ಹಾಕಿದ. ಎರಡೂ ಕೈಯಲ್ಲಿ ಉಳಿ ಹಿಡಿದು, ಕುಳಿಯಲ್ಲಿ ಹಿಮ್ಮಡಿ ಊರಿ, ಒತ್ತಿದ.

ಅಂಥ ಕೆಲಸ ಅವನ ಕೈಯಿಂದ ಹಿಂದೆ ಆಗಿರಲಿಲ್ಲ. ಮರ ನಡುಗುವ ಮೊದಲೇ ಪಾದಕ್ಕೆ ತಿಳಿಯುತ್ತಿತ್ತು. ನಿಲ್ಲಿಸಿ, ಬೆರಳಾಡಿಸಿ, ಮತ್ತೆ ಒತ್ತುವನು. ಕೂಗಾಟವಿಲ್ಲ, ಕಾಯುವುದಿಲ್ಲ. ಸಿಪ್ಪೆ ರೇಷ್ಮೆಯ ಲಾಡಿಯಂತೆ ಸುರುಳಿ ಸುರುಳಿಯಾಗಿ ಗೋಣಿತಟ್ಟಿನ ಮೇಲೆ ಇಳಿಯಿತು. ಸೊಂಟ, ಬಳೆ, ಮೊಗ್ಗು ಒಂದೊಂದಾಗಿ ಎದ್ದವು. ಕೆಂಪು ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಮೆಲ್ಲಗೆ ಒತ್ತಿದಾಗ ಬಣ್ಣ ತಾನಾಗಿ ಕರಗಿ ಹರಿದುಕೊಂಡಿತು. ಕಟ್ಟೆಯ ಆಚೆ ಲಕ್ಕವ್ವ ಮಾತು ಮರೆತು ನೋಡುತ್ತಿದ್ದಳು. ಆ ಓಣಿಯಲ್ಲಿ ಅದೂ ಒಂದು ಸುದ್ದಿಯೇ.

ಇನ್ನು ಇದೇ ನನ್ನ ಬದುಕು, ಎಂದು ಅಮರಪ್ಪ ಅಂದುಕೊಂಡ. ಬೇಕಾದಾಗ ತಿರುಗಿಸುವುದು, ಬೇಕಾದಾಗ ನಿಲ್ಲಿಸುವುದು. ಯಾರ ಸೋದರಮಾವ ಯಾರನ್ನು ಮದುವೆಯಾದರೂ ನನಗೇನು?

ಹೊಸ ಕಾಲು ಉಳಿದ ಮೂರಕ್ಕೂ ಸರಿಯಾಗಿ ಕೂತಿತು. ಉಳಿದ ಮೂರಕ್ಕಿಂತ ಚೆಲುವಾಗಿತ್ತು ಎಂಬುದೊಂದೇ ಅದರ ದೋಷ. ಗೊಲ್ಲಾಳಪ್ಪ ತೊಟ್ಟಿಲನ್ನು ಹುಲ್ಲಿನ ಮೇಲಿಟ್ಟು ಬಿಗಿದ. ಹೊತ್ತು ಇನ್ನೂ ಬೇವಿನ ಮರದ ಮೇಲಿತ್ತು.

"ಸಾವಕಾರ್ರಿಗೆ ಹೇಳ್ತೇನಿ," ಎಂದ ಅವನು, ಎತ್ತಿನ ಬಾಲ ಮುಟ್ಟುತ್ತ. "ಒಂದ ಕಾಲ ಹಾರಿ ಬಂತು, ಒಂದ ಕಾಲ ಗೋಣಿ ಉಟ್ಕೊಂಡು ಮಾಡ್ಯಾನ ಅಂತ."

"ಎರಡನೇದ ಬ್ಯಾಡೋ ಮಾರಾಯ!"

ಗಾಡಿ ಬಬಲೇಶ್ವರದ ದಾರಿ ಹಿಡಿಯಿತು. ಅದು ತಿರುವಿನಲ್ಲಿ ಮರೆಯಾಗುತ್ತಿದ್ದಂತೆ, "ಸರೀರಿ, ಸರೀರಿ!" ಎಂಬ ಗೈಬುಸಾಬನ ಒಡೆದ ದನಿ ಕೇಳಿತು. ಟಾಂಗಾ ನಿಂತಿತು. ರುದ್ರವ್ವ ಗಂಟು ಹಿಡಿದು ಇಳಿದಳು. ಮುಖಕ್ಕೆಲ್ಲ ಇದ್ದಿಲಿನ ಮಸಿ. ಅವಳೂ ಊದಿದ್ದಳೆಂದು ಕಾಣುತ್ತದೆ. ಕಣ್ಣು ಒದ್ದೆಯಾಗಿದ್ದವು. ಅದು ಹೊಗೆಯಿಂದ ಎಂದು ಅಮರಪ್ಪ ಅಂದುಕೊಂಡ.

ಅವಳು ಗೋಣಿತಟ್ಟನ್ನು ನೋಡಿ ನಗಲಿಲ್ಲ. ನೆಟ್ಟಗೆ ಲೇಥಿನ ಬಳಿ ಹೋಗಿ, ಬಾಗಿ, ಕಾಲಿನ ಸ್ವಿಚ್ಚನ್ನು ಬೆರಳಿನಿಂದ ಮುಟ್ಟಿದಳು.

"ಇದ ಏನ್ರಿ?"

"ಹೂಂ," ಎಂದ ಅಮರಪ್ಪ. ದಿನವೆಲ್ಲ ಸಿದ್ಧಪಡಿಸಿಟ್ಟುಕೊಂಡಿದ್ದ ಮಾತು ಅವನ ನಾಲಿಗೆಯ ತುದಿಯಲ್ಲಿತ್ತು: ಇನ್ನ ನಿನ್ನ ಹಂಗಿಲ್ಲ.

"ಗೈಬುಸಾಬ ಎಲ್ಲಾ ಹೇಳಿದ್ರು."

"ಏನ ಹೇಳಿದ?"

"ನನ್ನ ಭುಜ ನೋಯ್ತಾವಂತ ಕೇಳಿದ ಕೂಡಲೆ ನಿಮಗ ಜೀವ ತಡೀಲಿಲ್ಲಂತ. ಟಾಂಗಾದ ಗಂಟಿ ಬಿಚ್ಚಿಸಿ, ಹೊಟ್ಟಿಗೆ ಕೂಳಿಲ್ಲದ, ಮೈಮ್ಯಾಲಿನ ಅರಿವಿನೂ ಕಳಕೊಂಡು, ನನ್ನ ಸಲುವಾಗಿ ಇದನ್ನ ಮಾಡೀರಂತ." ಅವಳ ದನಿ ತಗ್ಗಿತು. "ಇಷ್ಟ ವರ್ಷ ನಿಮಗ ಕಾಣಂಗಿಲ್ಲ ಅಂತ ತಿಳಿದಿದ್ದೆ."

ಅಮರಪ್ಪ ಗೈಬುಸಾಬನ ಕಡೆ ನೋಡಿದ. ಗೈಬುಸಾಬ ಆಗಲೇ ಕುದುರೆಯ ಹಿಂಗಾಲು ಎತ್ತಿ ಲಾಳದಲ್ಲಿ ಏನನ್ನೋ ಬಹಳ ಶ್ರದ್ಧೆಯಿಂದ ಹುಡುಕುತ್ತಿದ್ದ.

"ಪುಣ್ಯಾ ಮಾಡೀ ಬಿಡ ರುದ್ರವ್ವ," ಎಂದು ಲಕ್ಕವ್ವ ಮೂಗೆಳೆದಳು. "ನಮ್ಮವರು ಬಾವಿ ಹಗ್ಗ ಹೊಸಾದು ತರಾಕ ಮೂರು ಹಬ್ಬ ಮಾಡ್ಯಾರ."

ಅಮರಪ್ಪ ಬಾಯಿ ತೆರೆದ. ರುದ್ರವ್ವ ಎಡಗೈಯಿಂದ ಬಲಭುಜವನ್ನು ಒತ್ತಿಕೊಳ್ಳುತ್ತಿದ್ದಳು. ಅವಳಿಗೆ ಅದು ಗೊತ್ತಿರಲಿಲ್ಲ. ಕೈ ತಾನೇ ಹೋಗಿತ್ತು. ಆ ಕೈ ಹೀಗೆ ಹೋಗುವುದನ್ನು ಅವನು ಎಷ್ಟು ಸಲ ನೋಡಿದ್ದಾನೋ. ನೋಡಿದ್ದಾನೆ, ಕಂಡಿರಲಿಲ್ಲ.

"ಹೂಂ," ಎಂದ. "ನಿನ್ನ ಸಲುವಾಗಿ."

ರುದ್ರವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಸ್ವಿಚ್ಚಿನ ಮಣೆಯನ್ನು ಕೂಸನ್ನು ಎತ್ತುವಂತೆ ಎರಡೂ ಕೈಯಿಂದ ಎತ್ತಿಕೊಂಡು ನಡೆದಳು. ಮೂಲೆಯ ವಾಯರಿನ ಸುರುಳಿ ಒಂದೊಂದೇ ಸುತ್ತು ಬಿಚ್ಚಿಕೊಳ್ಳುತ್ತ ಅವಳ ಹಿಂದೆ ಹೋಯಿತು. ಎಲ್ಲಿಯಾದರೂ ನಿಂತೀತೆಂದು ಅಮರಪ್ಪ ನೋಡಿದ. ಅದು ಹೊಸ್ತಿಲು ಮುಟ್ಟಿ, ಇನ್ನೂ ಸ್ವಲ್ಪ ಉಳಿಯಿತು.

ಅವಳು ಎತ್ತರದ ಸ್ಟೂಲನ್ನು ಆಚೆ ಸರಿಸಿದಳು. ಗೋಡೆಯ ಸ್ವಿಚ್ಚನ್ನು ಹಾಕಿಬಿಟ್ಟಳು. ಹೊಸ್ತಿಲಲ್ಲಿ ಕಾಲು ಚಾಚಿ ಕುಳಿತು, ಬೆನ್ನನ್ನು ಬಾಗಿಲಿನ ಚೌಕಟ್ಟಿಗೆ ಆನಿಸಿ, ಕುಳಿಯಲ್ಲಿ ಹಿಮ್ಮಡಿ ಇಟ್ಟಳು.

"ಒಂದೀಟ ದೊಡ್ಡದಾಗೈತಿ," ಎಂದಳು. "ಇರ್ಲಿ. ನಾಳಿ ಸಣ್ಣದ ಮಾಡಿ ಕೊಡ್ರಿ."

"ಅಮರಣ್ಣ, ನನ್ನ ಗಂಟಿ?" ಎಂದ ಗೈಬುಸಾಬ, ಕುದುರೆಯ ಹೊಟ್ಟೆಯ ಕೆಳಗಿನಿಂದ.

"ನೀ ಒದರು," ಎಂದ ಅಮರಪ್ಪ. "ಇಬ್ಬರೂ ಒದರೋಣು."

ರುದ್ರವ್ವ ತನ್ನ ಎರಡೂ ಕೈಗಳನ್ನು ಮಡಿಲಿನಲ್ಲಿಟ್ಟುಕೊಂಡು ನೋಡಿದಳು, ದೂರದ ಊರಿನಿಂದ ಮನೆಗೆ ಬಂದ ಅಕ್ಕತಂಗಿಯರನ್ನು ನೋಡುವಂತೆ. ಆಮೇಲೆ ಬೇಳೆಯ ಮೊರವನ್ನು ಹತ್ತಿರ ಎಳೆದುಕೊಂಡು ಎರಡೂ ಕೈಯಿಂದ ಹರಳು ಆರಿಸತೊಡಗಿದಳು. ಲಕ್ಕವ್ವ ಕಟ್ಟೆಯ ಮೇಲೆ ಹತ್ತಿ ಕುಳಿತಳು.

"ಒಂದ ಕಟಗಿ ಹಚ್ಚರಿ ನೋಡೋಣು," ಎಂದಳು ರುದ್ರವ್ವ.

ಅಮರಪ್ಪ ಲಟ್ಟಣಿಗೆಗೆಂದು ಇಟ್ಟಿದ್ದ ಒಂದು ತುಂಡನ್ನು ಏರಿಸಿದ. ಎರಡೂ ಕೈಯಲ್ಲಿ ಉಳಿ ಹಿಡಿದ. ಬಲಗಾಲು ತಾನಾಗಿಯೇ ಮುಂದೆ ಹೋಗಿ ಬರಿಯ ನೆಲವನ್ನು ಒತ್ತಿತು. ಲೇಥು ಅಲುಗಲಿಲ್ಲ.

"ಹೂಂ, ಒದರ್ರಿ ಮತ್ತ," ಎಂದಳು ರುದ್ರವ್ವ, ಹೊಸ್ತಿಲಿನಿಂದ.